ಹಾರೆ ಎಲ್ಲಿಯವರೆಗೆ, ಮೆಕ್ಯಾನಿಕ್ ಎಲ್ಲಿಂದ?

ಹಳೆ ಟ್ರ್ಯಾಕ್ಟರ್ ಇಟ್ಟುಕೊಂಡ ರೈತ ಅರ್ಧ ಮೆಕ್ಯಾನಿಕ್ ಆಗಲೇಬೇಕು ಎಂಬುದು ನನ್ನ ಅನಿಸಿಕೆ. ನಮ್ಮ ಚಳ್ಳಕೆರೆ ಕಡೆಯ ಕೆಂಪು ಹೊಲದಲ್ಲಿ ಮಳೆ ಬಿದ್ದ ಮೇಲೆ ಬಿತ್ತನೆ ಹದ ಸಿಗೋದು ಮೂರು-ನಾಲ್ಕು ದಿನ. ಆಗಲೇ ಗಾಡಿ ಕೈಕೊಟ್ಟು, ಪೇಟೆಯ ಮೆಕ್ಯಾನಿಕ್ ‘ನಾಳೆ ಬರ್ತೀನಿ’ ಅಂದರೆ ಶೇಂಗಾ ಬೀಜ ಚೀಲದಲ್ಲೇ ಉಳಿಯುತ್ತದೆ.

ನನ್ನದು ಎಚ್.ಎಂ.ಟಿ. 2511. ಆ ಕಂಪೆನಿಯ ಪಿಂಜೋರಿನ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಬಿಡಿಭಾಗಕ್ಕೆ ಗುಜರಿ ಅಂಗಡಿ ಅಲೆಯಬೇಕು, ಇಲ್ಲವೇ ಇದ್ದುದರಲ್ಲೇ ಹೊಂದಿಸಬೇಕು.

ಹೊಂದಿಸೋದಕ್ಕೆ ಬೇಸಾಯದ ಸಾಮಾನೇ ಎಷ್ಟೋ ಸಾಕು. ಆರಡಿ ಹಾರೆಗೆ ತುದಿಯಿಂದ ಒಂದಡಿ ಬಿಟ್ಟು ಮರದ ದಿಮ್ಮಿ ಆನಿಸಿ ಮೀಟಿದರೆ ನಮ್ಮ ಬಲ ಐದು ಪಟ್ಟಾಗುತ್ತದೆ. ಇಬ್ಬರು ಸೇರಿದರೆ ಮುಂದಿನ ಚಕ್ರ ಎತ್ತಲು ಜಾಕ್ ಬೇಡ. ಮೊದಲು ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಎತ್ತಿದ ಕೂಡಲೇ ಆಕ್ಸಲ್ ಕೆಳಗೆ ದಪ್ಪ ದಿಂಡು ಇಡಿ. ಬರೀ ಹಾರೆ ನಂಬಿ ಗಾಡಿ ಕೆಳಗೆ ನುಗ್ಗಬೇಡಿ. ತುಕ್ಕು ಹಿಡಿದ ನಟ್ಟಿಗೆ ರಾತ್ರಿಯೇ ಡೀಸೆಲ್ ಬಿಟ್ಟಿರಿ. ಬೆಳಿಗ್ಗೆ ಸ್ಪ್ಯಾನರಿಗೆ ಬತ್ತಿದ ಬೋರಿನ ಪೈಪ್ ತುಂಡು ಸಿಕ್ಕಿಸಿ ತಿರುವಿ. ಡೀಸೆಲ್ ಲೈನಿಗೆ ಗಾಳಿ ಹೊಕ್ಕರೆ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲೋವರೆಗೆ ಕೈಪಂಪು ಒತ್ತಿ ಬಿಗಿ ಮಾಡಿದರಾಯ್ತು.

ಆದರೆ ಎಲ್ಲದಕ್ಕೂ ತಂತಿ ಸುತ್ತೋದನ್ನು ನಾನು ಒಪ್ಪೋದಿಲ್ಲ. ರೋಟಾವೇಟರಿನ ಶಿಯರ್ ಬೋಲ್ಟ್ ತುಂಡಾದಾಗ ಕೈಗೆ ಸಿಕ್ಕ ಗಟ್ಟಿ ಬೋಲ್ಟ್ ಹಾಕುವವರಿದ್ದಾರೆ. ಅದನ್ನು ಇಟ್ಟಿರೋದೇ ತುಂಡಾಗಲಿ ಅಂತ. ಅದು ಉಳಿದರೆ ಗೇರ್‌ಬಾಕ್ಸ್ ಹೋಗುತ್ತದೆ. ಬ್ರೇಕ್, ಸ್ಟೀರಿಂಗ್, ಟ್ರೇಲರ್ ಕೊಂಡಿ, ಈ ಮೂರಕ್ಕಂತೂ ತೇಪೆ ಬೇಡವೇ ಬೇಡ. ಟ್ರೇಲರಿನಲ್ಲಿ ಜನ ಕೂರಬಾರದು ಅಂತಿದ್ದರೂ ಕೂಲಿಗೆ ಹೋಗೋ ಹೆಣ್ಣುಮಕ್ಕಳು ಕೂತಿರ್ತಾರೆ. ಉಳಿಸಿದ ನಾಲ್ಕು ಕಾಸು ಅವರ ಜೀವಕ್ಕೆ ಸಮವೇ?

ಇನ್ನೊಂದು ಮಾತು. ‘ದುರಸ್ತಿಯ ಹಕ್ಕಿ’ನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡಿತು. ಕೃಷಿ ಯಂತ್ರಗಳನ್ನೂ ಅದರಲ್ಲಿ ಸೇರಿಸಿತು. ನಮಗೆ ಬೇಕಾದ್ದು ದೊಡ್ಡದೇನಲ್ಲ. ಗಾಡಿ ಜೊತೆ ಚಿತ್ರ ಸಮೇತ ಕನ್ನಡದ ರಿಪೇರಿ ಪುಸ್ತಕ, ಮಾದರಿ ನಿಂತ ಮೇಲೂ ಬಿಡಿಭಾಗ. ಏಳನೇ ಕ್ಲಾಸ್ ಓದಿದ ನನ್ನಂಥವನಿಗೆ ಓದಲಾಗದ ಪುಸ್ತಕ ಕೊಟ್ಟು ಏನು ಪ್ರಯೋಜನ? ಹೊಸ ಗಾಡಿ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಇವೆರಡನ್ನೂ ಕೇಳಬೇಕು.

ಹದದ ದಿನ ಗಾಡಿ ನಿಂತಾಗ ನೀವು ಏನು ಮಾಡಿದಿರಿ, ಪತ್ರಿಕೆಗೆ ಬರೆಯಿರಿ. ಒಬ್ಬರಿಗೆ ಗೊತ್ತಾದ ಉಪಾಯ ಅವರ ಕೊಟ್ಟಿಗೆಯಲ್ಲೇ ಉಳಿಯಬಾರದು.