ಪರದೆಯ ಸ್ಪಷ್ಟತೆ, ಕಣ್ಣಿನ ಅಳತೆ

ಊರಿಗೊಂದು ದೂರದರ್ಶನ ಪೆಟ್ಟಿಗೆ ಬಂದರೆ ಅದೇ ದೊಡ್ಡ ಸಂಗತಿಯಾಗಿದ್ದ ಕಾಲವೊಂದಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಬಿತ್ತರಿಸುವ ‘ಸೈಟ್’ ಪ್ರಯೋಗ ನಡೆಯಿತು. ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಅಂದು ಪರದೆಯ ಮೇಲೆ ಚಿತ್ರ ಮೂಡಿದರೆ ಸಾಕಾಗಿತ್ತು. ಇಂದು ಬೀದರಿನ ಅಂಗಡಿಯ ಮೆಟ್ಟಿಲು ಹತ್ತಿದೊಡನೆ ಎಚ್‌ಡಿ, ಫುಲ್ ಎಚ್‌ಡಿ, 4ಕೆ, 8ಕೆ ಎಂಬ ಹೆಸರುಗಳ ಸಾಲೇ ಎದುರಾಗುತ್ತದೆ. ಯಾವುದು ನಮಗೆ ಬೇಕು, ಯಾವುದು ಬೇಡ ಎಂಬುದನ್ನು ತಿಳಿಯದೆ ಹಣ ತೆತ್ತವರು ಬಹಳ.

ನನ್ನ ತಂಗಿಯನ್ನು ಭಾಲ್ಕಿಗೆ ಕೊಟ್ಟಿದೆ. ಅವಳ ಮನೆಯಲ್ಲಿ 32 ಇಂಚಿನ ಹಳೆಯ ಟಿ.ವಿ. ಇತ್ತು. ಎಪ್ಪತ್ತು ದಾಟಿದ ಅವಳ ಅತ್ತೆ ಕೆಲವು ತಿಂಗಳಿಂದ “ಚಿತ್ರ ಎಲ್ಲಾ ಮಬ್ಬ ಕಾಣ್ತದ” ಎನ್ನುತ್ತಿದ್ದರು. ಕಾಲೇಜಿಗೆ ಹೋಗುವ ಮಗನಿಗೆ ಆಟದ ಹುಚ್ಚು. ಅವನೂ ಅಜ್ಜಿಯ ಮಾತಿಗೆ ದನಿಗೂಡಿಸಿದ. ಅವನ ವಸತಿ ನಿಲಯದ ಶುಲ್ಕಕ್ಕೆಂದು ತೆಗೆದಿರಿಸಿದ್ದ ಹಣವನ್ನು ಮುಂಗಡವಾಗಿ ಕೊಟ್ಟು, ಉಳಿದುದನ್ನು ಕಂತಿಗೆ ಹಾಕಿ, 55 ಇಂಚಿನ 4ಕೆ ಟಿ.ವಿ. ತಂದರು. ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಆ ತಾಯಿ ಮೆಲ್ಲಗೆ ಹೇಳಿದರಂತೆ: “ಇದೂ ಹಂಗೇ ಅದ.” ಕಣ್ಣು ತೋರಿಸಿದಾಗ ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದಿದ್ದುದು ತಿಳಿಯಿತು.

ಪರದೆಯ ಸ್ಪಷ್ಟತೆ ಎಂಬುದು ಪರದೆಯಲ್ಲಷ್ಟೇ ಇಲ್ಲ, ನೋಡುವ ಕಣ್ಣಿನಲ್ಲಿಯೂ, ಕುಳಿತುಕೊಳ್ಳುವ ದೂರದಲ್ಲಿಯೂ ಇದೆ ಎಂಬುದನ್ನು ಈ ಪ್ರಸಂಗ ನನಗೆ ಮನಗಾಣಿಸಿತು. ಆದುದರಿಂದಲೇ ಈ ತಿಂಗಳು ಆ ವಿಷಯ.

ಟಿ.ವಿ.ಯ ಚಿತ್ರವು ಸಣ್ಣ ಸಣ್ಣ ಬಿಂದುಗಳಿಂದ ಆದುದು. ಅವುಗಳಿಗೆ ಪಿಕ್ಸೆಲ್ ಎಂದು ಹೆಸರು. ಫುಲ್ ಎಚ್‌ಡಿಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080, ಅಂದರೆ ಒಟ್ಟು ಸುಮಾರು 20.7 ಲಕ್ಷ ಬಿಂದುಗಳಿರುತ್ತವೆ. 4ಕೆಯಲ್ಲಿ ಅದರ ನಾಲ್ಕರಷ್ಟು, ಸುಮಾರು 83 ಲಕ್ಷ. 8ಕೆಯಲ್ಲಿ 3.3 ಕೋಟಿ. ಸಂಖ್ಯೆ ಹೆಚ್ಚಿದಷ್ಟೂ ಚಿತ್ರ ಚೆನ್ನ ಎಂದು ಮೇಲುನೋಟಕ್ಕೆ ತೋರುವುದು ಸಹಜ. ಆದರೆ ನಮ್ಮ ಬಿದರಿ ಕಲೆಯ ಹೂಜಿಯೊಂದನ್ನು ನೆನೆಯಿರಿ. ಕೈಯಲ್ಲಿ ಹಿಡಿದು ನೋಡಿದರೆ ಕರಿಯ ಲೋಹದಲ್ಲಿ ಕೂರಿಸಿದ ಬೆಳ್ಳಿಯ ಒಂದೊಂದು ಎಳೆಯೂ ಬೇರೆಬೇರೆಯಾಗಿ ಕಾಣುತ್ತದೆ. ಬಾಗಿಲಲ್ಲಿ ನಿಂತು ನೋಡಿದರೆ ಎಳೆಗಳು ಮರೆಯಾಗಿ ಬಳ್ಳಿಯೊಂದೇ ಉಳಿಯುತ್ತದೆ. ಟಿ.ವಿ.ಯ ಬಿಂದುಗಳದೂ ಇದೇ ಕಥೆ.

ಆರೋಗ್ಯವಂತ ಕಣ್ಣಿಗೆ ಎರಡು ಬಿಂದುಗಳನ್ನು ಬೇರ್ಪಡಿಸಿ ಕಾಣುವ ಒಂದು ಮಿತಿಯಿದೆ. ಆ ಮಿತಿಯಂತೆ ಲೆಕ್ಕ ಹಾಕಿದರೆ, 43 ಇಂಚಿನ ಫುಲ್ ಎಚ್‌ಡಿ ಪರದೆಯನ್ನು ಸುಮಾರು ಐದೂವರೆ ಅಡಿಗಿಂತ ಆಚೆ ಕುಳಿತು ನೋಡುವವರಿಗೆ ಅದರ ಬಿಂದುಗಳು ಕಾಣಿಸವು; ಆ ದೂರದಿಂದ ಅದಕ್ಕೂ 4ಕೆಗೂ ಬಿಂದುಗಳ ಲೆಕ್ಕದಲ್ಲಿ ವ್ಯತ್ಯಾಸ ಗೋಚರಿಸದು. 55 ಇಂಚಿಗೆ ಈ ದೂರ ಸುಮಾರು ಏಳು ಅಡಿ. 32 ಇಂಚಿನ ಸಾಮಾನ್ಯ ಎಚ್‌ಡಿಗೆ ಸುಮಾರು ಆರು ಅಡಿ. ಅಂಗಡಿಯಲ್ಲಿ ಎರಡು ಮೂರು ಅಡಿ ದೂರದಲ್ಲಿ ನಿಂತು, ಅಲ್ಲಿಗಾಗಿಯೇ ಸಿದ್ಧಪಡಿಸಿದ ಚಿತ್ರವನ್ನು ನೋಡಿ ಮರುಳಾಗುವ ನಾವು, ಮನೆಯಲ್ಲಿ ಹತ್ತು ಅಡಿ ದೂರದ ಗೋಡೆಗೊರಗಿ ಕೂಡುತ್ತೇವೆ. ಆದುದರಿಂದ ಟಿ.ವಿ. ಕೊಳ್ಳಲು ಹೊರಡುವ ಮುನ್ನ ಮನೆಯಲ್ಲಿ ಅಳತೆಪಟ್ಟಿ ಹಿಡಿಯಿರಿ.

ಎರಡನೆಯ ಮಾತು, ಪರದೆಗೆ ಬರುವ ಚಿತ್ರ ಎಂಥದು ಎಂಬುದು. ಔರಾದ್ ಕಡೆಯ ಹಳ್ಳಿಗಳಲ್ಲಿ ಕನ್ನಡದೊಡನೆ ಮರಾಠಿ, ತೆಲುಗು ವಾಹಿನಿಗಳನ್ನೂ ನೋಡುವ ಮನೆಗಳಿವೆ. ಡಿಡಿ ಫ್ರೀ ಡಿಶ್‌ನ ಬಹುಪಾಲು ವಾಹಿನಿಗಳು ಇಂದಿಗೂ 576 ಗೆರೆಗಳ ಸಾಮಾನ್ಯ ದರ್ಜೆಯಲ್ಲಿಯೇ ಬರುತ್ತವೆ. ಅಂಥ ಚಿತ್ರವನ್ನು 4ಕೆ ಪರದೆ ಹಿಗ್ಗಿಸಿ ತೋರಿಸಬಲ್ಲದೇ ವಿನಾ ಇಲ್ಲದ ವಿವರವನ್ನು ನಿಜವಾಗಿ ತಂದುಕೊಡಲಾರದು. ಪರದೆ ದೊಡ್ಡದಾದಷ್ಟೂ ಆ ಮಸುಕೂ ದೊಡ್ಡದಾಗಿ ಕಾಣುವುದುಂಟು. ಇನ್ನು ಅಂತರ್ಜಾಲದ ಮೂಲಕ 4ಕೆ ಚಲನಚಿತ್ರ ನೋಡಬೇಕಾದರೆ ನೆಟ್‌ಫ್ಲಿಕ್ಸ್ ಸಂಸ್ಥೆಯೇ ಸೆಕೆಂಡಿಗೆ 15 ಮೆಗಾಬಿಟ್ ವೇಗ ಬೇಕೆನ್ನುತ್ತದೆ; ಫುಲ್ ಎಚ್‌ಡಿಗೆ 5 ಸಾಕು. 4ಕೆಯಲ್ಲಿ ಗಂಟೆಗೆ ಸುಮಾರು 7 ಜಿ.ಬಿ. ಖರ್ಚಾಗುತ್ತದೆ. ಮೊಬೈಲಿನ ದಿನಕ್ಕೆ 2 ಜಿ.ಬಿ. ಯೋಜನೆ ಇಪ್ಪತ್ತು ನಿಮಿಷವೂ ಬಾಳದು.

ಮೂರನೆಯದು ಮಕ್ಕಳ ಆಟ. ಇಲ್ಲಿ 4ಕೆಗೆ ನಿಜವಾದ ಸಮರ್ಥನೆಯುಂಟು. ಆಟವಾಡುವವರು ಪರದೆಗೆ ಮೂರು ನಾಲ್ಕು ಅಡಿ ಸಮೀಪ ಕೂಡುತ್ತಾರೆ. ಪ್ಲೇಸ್ಟೇಷನ್ 5ರಂಥ ಯಂತ್ರಗಳು 4ಕೆ ಚಿತ್ರ ನೀಡಬಲ್ಲವು. ಹಳೆಯ ಪ್ಲೇಸ್ಟೇಷನ್ 4ರ ಸಾಮಾನ್ಯ ಮಾದರಿಗೆ ಫುಲ್ ಎಚ್‌ಡಿಯೇ ಮಿತಿ. ಆದರೆ ಆಟಗಾರನಿಗೆ ಬಿಂದುಗಳಿಗಿಂತ ಮುಖ್ಯವಾದುದು ವೇಗ. ಗುಂಡಿ ಒತ್ತಿದ ಮೇಲೆ ಪರದೆಯಲ್ಲಿ ಚಲನೆ ತೋರಲು ತಡವಾದರೆ 4ಕೆ ಇದ್ದೂ ಫಲವಿಲ್ಲ. ‘ಗೇಮ್ ಮೋಡ್’ ಎಂಬ ವ್ಯವಸ್ಥೆ ಈ ತಡವನ್ನು ತಗ್ಗಿಸುತ್ತದೆ. ಅದು ಇದೆಯೇ ಎಂದು ಕೇಳಿರಿ. ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವುದೋ 120 ಸಲವೋ ಎಂಬುದನ್ನೂ ವಿಚಾರಿಸಿರಿ. 4ಕೆಯಲ್ಲಿ 120 ಸಲ ಬೇಕಾದರೆ ಸಾಮಾನ್ಯವಾಗಿ ಎಚ್‌ಡಿಎಂಐ 2.1 ದ್ವಾರ ಅಗತ್ಯ. ಮೊಬೈಲಿನಲ್ಲಿ ಆಡುವ ಮಗನಿಗಾಗಿ ಇಷ್ಟೆಲ್ಲ ಹಣ ಸುರಿಯಬೇಕಾಗಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಚಿಕ್ಕ ಕೋಣೆಗೆ 32 ಇಂಚಿನ ಎಚ್‌ಡಿ ಅಥವಾ ಫುಲ್ ಎಚ್‌ಡಿ ಧಾರಾಳವಾಯಿತು. 43 ಇಂಚಿನಲ್ಲಿ ಎರಡೂ ದೊರೆಯುತ್ತವೆ. ಬೆಲೆಯ ಅಂತರ ಅಲ್ಪವಾದರೆ 4ಕೆ ಕೊಳ್ಳಬಹುದು, ಅದಕ್ಕಾಗಿ ಸಾಲ ಮಾಡಬೇಕಾಗಿಲ್ಲ. 50 ಇಂಚು ದಾಟಿದರೆ ಪೇಟೆಯಲ್ಲಿ ಈಗ 4ಕೆಯದೇ ಕಾರುಬಾರು. 8ಕೆಯ ಗೊಡವೆಗೆ ಹೋಗುವುದು ಬೇಡ. ಆ ದರ್ಜೆಯ ಕಾರ್ಯಕ್ರಮಗಳೇ ಅತಿ ವಿರಳ. ಉಳಿದ ಹಣವನ್ನು ಪರದೆಯ ಬೆಳಕು, ಬಣ್ಣ, ದನಿ ಹಾಗೂ ಸಮೀಪದಲ್ಲಿ ದುರಸ್ತಿಯ ಅನುಕೂಲ ಇವುಗಳ ಕಡೆ ನೋಡಿ ವಿನಿಯೋಗಿಸುವುದು ಲೇಸು. ಬೇರೆಯವರಿಗೆ ಸ್ಪಷ್ಟವಾಗಿ ಕಾಣುವುದು ಮನೆಯ ಹಿರಿಯರೊಬ್ಬರಿಗೆ ಮಸುಕಾಗಿ ಕಂಡರೆ ಮೊದಲು ಅವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.

ತಂಗಿಯ ಅತ್ತೆಯವರ ಎರಡೂ ಕಣ್ಣುಗಳ ಶಸ್ತ್ರಚಿಕಿತ್ಸೆ ತಿಂಗಳ ಅಂತರದಲ್ಲಿ ಮುಗಿಯಿತು. ಅಳಿಯನ ಶುಲ್ಕಕ್ಕೆ ನಾನೇ ಕೈಗಡ ಕೊಟ್ಟೆ. ಮೊನ್ನೆ ಹೋದಾಗ ಆ ತಾಯಿ ಒಳಕೋಣೆಗೆ ಸರಿಸಿದ್ದ ಹಳೆಯ 32 ಇಂಚಿನ ಟಿ.ವಿ.ಯ ಮುಂದೆಯೇ ಕುಳಿತಿದ್ದರು. “ಅಣ್ಣಾ, ಇದೂ ಚೆಂದ ಕಾಣ್ತದ ನೋಡ್ರಿ” ಎಂದರು. ಹೊರಗೆ ಪಡಸಾಲೆಯಲ್ಲಿ ನನ್ನ ಭಾವ ಕಂತಿನ ಪುಸ್ತಕ ತೆರೆದು ಇನ್ನು ಉಳಿದ ತಿಂಗಳುಗಳನ್ನು ಎಣಿಸುತ್ತಿದ್ದರು.