ಒತ್ತು: ಕಿವಿಯಿಂದ ಕಲಿಯುವ ಪಾಠ

ಮಕ್ಕಳೇ, 'ಗ್ರೀನ್‌ಹೌಸ್' ಎಂಬ ಇಂಗ್ಲಿಷ್ ಪದವನ್ನು ಚಪ್ಪಾಳೆ ತಟ್ಟುತ್ತಾ ಹೇಳಿ ನೋಡಿ. 'ಗ್ರೀನ್'ಗೆ ಒಂದು, 'ಹೌಸ್'ಗೆ ಇನ್ನೊಂದು ಚಪ್ಪಾಳೆ. ಹೀಗೆ ಒಂದೊಂದು ಸ್ವರದ ಸುತ್ತ ಕೂಡಿಕೊಳ್ಳುವ ಧ್ವನಿಗಳ ಗುಂಪೇ ಉಚ್ಚಾರಾಂಶ.

ಮೊದಲ ಅಂಶಕ್ಕೆ ಒತ್ತು ಕೊಟ್ಟರೆ ಅದು ಗಿಡ ಬೆಳೆಸುವ ಗಾಜಿನ ಮನೆ. 'ಹೌಸ್' ಮೇಲೆ ಒತ್ತು ಬಿದ್ದರೆ ಬರೀ ಹಸಿರು ಬಣ್ಣದ ಮನೆ! ಇಂಗ್ಲಿಷಿನಲ್ಲಿ ಎರಡು ಪದ ಸೇರಿ ಆದ ನಾಮಪದಗಳಿಗೆ ಸಾಮಾನ್ಯವಾಗಿ ಮೊದಲ ಪದದ ಮೇಲೆ ಒತ್ತು ಬೀಳುತ್ತದೆ. 'ಬ್ಲ್ಯಾಕ್‌ಬೋರ್ಡ್' ಕೂಡ ಹಾಗೆಯೇ. ಒತ್ತು ಬಿದ್ದ ಅಂಶ ತುಸು ಜೋರಾಗಿ, ಉದ್ದವಾಗಿ, ಏರುದನಿಯಲ್ಲಿ ಕೇಳಿಸುತ್ತದೆ.

ಕನ್ನಡದಲ್ಲಿ ಇಂಥ ಒತ್ತಿನಿಂದ ಪದದ ಅರ್ಥ ಬದಲಾಗದು. ಸ್ವರ ಉದ್ದವಾದರೆ ಮಾತ್ರ 'ಬಳೆ' 'ಬಾಳೆ'ಯಾಗುತ್ತದೆ. ಆದ್ದರಿಂದ ಇಂಗ್ಲಿಷಿನ ಒತ್ತು ನಮ್ಮ ಕಿವಿಗೆ ಹೊಸದು. ತಪ್ಪುವುದು ಸಹಜ, ಅದು ದಡ್ಡತನವಲ್ಲ. ಯಾರಾದರೂ ತಪ್ಪಿದರೆ ನಗಬೇಡಿ.

ಶಿಕ್ಷಕರಲ್ಲಿ ಒಂದು ಮನವಿ: ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಸುವ ಮೊದಲು ಚಪ್ಪಾಳೆ ತಟ್ಟಿಸಿ. ಒತ್ತು ಇರುವಲ್ಲಿ ಜೋರಾಗಿ, ಇಲ್ಲದಲ್ಲಿ ಮೆಲ್ಲಗೆ. ಕಿವಿ ಗುರುತಿಸದ್ದನ್ನು ನಾಲಿಗೆ ನುಡಿಯುವುದು ಕಷ್ಟ.

ಮಕ್ಕಳೇ, ಈಗ 'ರೈನ್‌ಬೋ' ಹೇಳಿ. ಜೋರು ಚಪ್ಪಾಳೆ ಯಾವುದಕ್ಕೆ?