ಲೈಸೆನ್ಸ್ ಸಿಕ್ಕಿದ್ದು ಅಲ್ಲಿ, ಕಾಯಬೇಕಾಗಿದ್ದು ಇಲ್ಲಿ

ಇಳಕಲ್‌ನಲ್ಲಿ ಒಂದು ಮನೆ ಅಂತ ಇಟ್ಟುಕೊಳ್ಳಿ. ಅಪ್ಪನದು ಸಣ್ಣ ಸೀರೆ ವ್ಯಾಪಾರ, ಊರಾಚೆ ನಾಲ್ಕು ಎಕರೆ ಹೊಲ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿದ ಮಗಳು ಪೈಲಟ್ ಆಗ್ತೀನಿ ಅಂತಾಳೆ. ಹೊಲ ಅಡ ಇಟ್ಟು, ಸಾಲ ತೆಗೆದು ಹೊರದೇಶದ ತರಬೇತಿ ಶಾಲೆಗೆ ಕಳಿಸ್ತಾರೆ. ಆಕೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಹಿಡಿದು ವಾಪಸ್ ಬರ್ತಾಳೆ. ಮನೆಯವರ ಲೆಕ್ಕದಲ್ಲಿ ಕೆಲಸ ಮುಗೀತು. ಕಾನೂನಿನ ಲೆಕ್ಕದಲ್ಲಿ ಅರ್ಧ ದಾರಿ ಬಾಕಿ ಇದೆ.

ಯಾಕೆ? 1944ರ ಶಿಕಾಗೊ ಒಪ್ಪಂದದ 32ನೇ ವಿಧಿ ಪ್ರಕಾರ, ತನ್ನ ಪ್ರಜೆಗೆ ಬೇರೆ ದೇಶ ಕೊಟ್ಟ ಲೈಸೆನ್ಸನ್ನು ತನ್ನ ನೆಲದ ಮೇಲಿನ ಹಾರಾಟಕ್ಕೆ ಒಪ್ಪದೇ ಇರುವ ಹಕ್ಕು ಪ್ರತಿ ದೇಶಕ್ಕೂ ಇದೆ. ಹಾಗಾಗಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಎಲ್ಲವನ್ನೂ ತನ್ನ ತಕ್ಕಡಿಯಲ್ಲಿ ಮತ್ತೆ ತೂಗುತ್ತದೆ. ಒಟ್ಟು 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ತಾನೇ ಹೊಣೆ ಹೊತ್ತ ಪೈಲಟ್ ಆಗಿ. ವಾಯುಯಾನ ನಿಯಮಗಳ ಪರೀಕ್ಷೆ, ಕ್ಲಾಸ್ 1 ಮೆಡಿಕಲ್, ರೇಡಿಯೊ ಲೈಸೆನ್ಸ್. ಜೊತೆಗೆ, ಈ ಲೈಸೆನ್ಸ್ ನಾವೇ ಕೊಟ್ಟಿದ್ದು ಅಂತ ಆ ದೇಶದಿಂದ ಖಾತರಿ.

ಈ ಜಾಗ್ರತೆ ತಪ್ಪಲ್ಲ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದು ಜೈಲಿಗೆ ಹೋಗಿದ್ದರು. ಹಿಂದೆ ಕೂತ ಪ್ರಯಾಣಿಕರ ಜೀವದ ಪ್ರಶ್ನೆ ಇದು. ಪರೀಕ್ಷೆ ಸಡಿಲ ಮಾಡಿ ಅಂತ ಯಾರೂ ಕೇಳಬಾರದು.

ಕೇಳಬೇಕಾದ್ದು ಸಮಯದ ಬಗ್ಗೆ. ಇತ್ತೀಚಿನ ಹಾರಾಟದ ಅನುಭವ ಇರಬೇಕು ಅನ್ನೋದೂ ನಿಯಮ. ಕಾಗದ ಎಲ್ಲೋ ನಿಂತರೆ ಆ ಅವಧಿ ಮುಗಿದುಹೋಗುತ್ತದೆ. ಆಗ ಇಲ್ಲಿನ ಶಾಲೆಗೆ ಗಂಟೆಗಿಷ್ಟು ಅಂತ ಕಟ್ಟಿ ಮತ್ತೆ ಹಾರಬೇಕು. ಅತ್ತ ಸಾಲದ ಬಡ್ಡಿ ನಿಲ್ಲೋದಿಲ್ಲ. ಕನ್ವರ್ಶನ್ ಆದ ಮೇಲೂ ಏರ್‌ಬಸ್, ಬೋಯಿಂಗ್‌ನಂಥ ವಿಮಾನಕ್ಕೆ ಟೈಪ್ ರೇಟಿಂಗ್ ಬೇರೆ, ಅದಕ್ಕೂ ಲಕ್ಷಗಟ್ಟಲೆ. ತಡವಾದರೆ ಬೆಂಗಳೂರಿನ ಉಳ್ಳವರ ಮನೆಗೆ ಬೇಜಾರು. ಇಳಕಲ್‌ನ ಆ ಮನೆಗೆ ಹೊಲವೇ ಹೋಗಬಹುದು. ಒಂದೇ ನಿಯಮ, ಇಬ್ಬರಿಗೆ ಬೇರೆ ಬೇರೆ ಬೆಲೆ.

ಇನ್ನೊಂದು ವಿಷಯ ಗಮನಿಸಿ. ನಮ್ಮ ಏರ್‌ಲೈನ್‌ಗಳಿಗೆ ಕ್ಯಾಪ್ಟನ್‌ಗಳ ಕೊರತೆ ಬಿದ್ದಾಗ ವಿದೇಶಿ ಪೈಲಟ್‌ಗಳಿಗೆ ಇದೇ ಡಿಜಿಸಿಎ ತಾತ್ಕಾಲಿಕ ಅನುಮತಿ ಕೊಡುತ್ತದೆ. ಅವರು ಅನುಭವಸ್ಥರು, ಹೋಲಿಕೆ ಪೂರ್ತಿ ಸರಿಯಲ್ಲ, ನಿಜ. ಆದರೆ ಒಂದು ಮಾತು ಸ್ಪಷ್ಟ: ಕಂಪನಿಗೆ ತುರ್ತು ಇದ್ದಾಗ ವ್ಯವಸ್ಥೆಗೆ ದಾರಿ ಹುಡುಕೋದು ಗೊತ್ತು.

2023ರಲ್ಲಿ ಡಿಜಿಸಿಎ 1,622 ಕಮರ್ಷಿಯಲ್ ಲೈಸೆನ್ಸ್ ಕೊಟ್ಟಿತು, ಅಲ್ಲಿವರೆಗಿನ ದಾಖಲೆ ಅದು. 2021ರಲ್ಲಿ ಬೆಳಗಾವಿ, ಕಲಬುರಗಿ ವಿಮಾನ ನಿಲ್ದಾಣಗಳಲ್ಲಿ ಹೊಸ ತರಬೇತಿ ಶಾಲೆಗಳಿಗೆ ಜಾಗ ಹಂಚಿದರು. ಉತ್ತರ ಕರ್ನಾಟಕದ ಮಕ್ಕಳು ಸಾವಿರಾರು ಮೈಲಿ ದೂರ ಹೋಗೋದು ತಪ್ಪಬೇಕಾದರೆ ಈ ಶಾಲೆಗಳು ಚೆನ್ನಾಗಿ ನಡೀಬೇಕು. ಆದರೂ ಹೊರಗೆ ಹೋಗುವವರು ಇದ್ದೇ ಇರ್ತಾರೆ, ಇಲ್ಲಿ ವಿಮಾನ ಸಾಲದು, ಗಂಟೆ ತುಂಬೋದು ನಿಧಾನ ಅನ್ನೋ ಕಾರಣಕ್ಕೆ.

ಹಾಗಾದರೆ ಬೇಡಿಕೆ ಏನು? ಒಂದು, ಕನ್ವರ್ಶನ್ ಅರ್ಜಿಯ ಪ್ರತಿ ಹಂತಕ್ಕೂ ಗಡುವು ಇರಲಿ. ಮೀರಿದರೆ ಲಿಖಿತ ಕಾರಣ ಕೊಡಲಿ. ಎರಡು, ಇಲಾಖೆಯ ತಡದಿಂದ ಹಾರಾಟದ ಅವಧಿ ಮುಗಿದರೆ ಅದರ ಹೊರೆ ಅಭ್ಯರ್ಥಿ ಮೇಲೆ ಬೀಳಬಾರದು. ಮೂರು, ಸಾಲ ಕೊಡುವ ಬ್ಯಾಂಕು, ಸೀಟು ಮಾರುವ ಏಜೆಂಟ್ ಇಬ್ಬರೂ ವಾಪಸ್ ಬಂದ ಮೇಲಿನ ಖರ್ಚನ್ನು ಮೊದಲೇ ಕನ್ನಡದಲ್ಲಿ ಬರೆದು ಕೊಡಲಿ.

ಹೊರಡಲು ತಯಾರಾಗಿರೋರಿಗೆ ಒಂದು ಮಾತು: ಕ್ಲಾಸ್ 1 ಮೆಡಿಕಲ್ ಮತ್ತು ಡಿಜಿಸಿಎ ಪರೀಕ್ಷೆಗಳನ್ನು ಇಲ್ಲೇ ಮುಗಿಸಿ ಹೋಗಿ. ಮೆಡಿಕಲ್‌ನಲ್ಲಿ ಫೇಲಾಗೋದಿದ್ದರೆ ಅದು ಹೊಲ ಅಡ ಇಡುವ ಮೊದಲೇ ಗೊತ್ತಾಗಲಿ.